ಮೊದಲ ಹಿಮದ ಸುಳ್ಳು

ಪರದೆ ಸರಿಸುವ ಮೊದಲೇ ಗೊತ್ತಾಗಿತ್ತು. ಹಿಮ ಬಿದ್ದ ಬೆಳಗ್ಗೆ ನಮ್ಮೂರು ಉಸಿರು ಬಿಗಿಹಿಡಿದ ಹಾಗಿರುತ್ತದೆ. ನಾಯಿಗಳೂ ಬೊಗಳಲು ಹಿಂದೆಮುಂದೆ ನೋಡುತ್ತವೆ. ಆ ಮೌನದಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಲುಂಗೆಲೊ.

"ಬೊರಮ್ ಮಿಸ್, ಹೊರಗೆ ನೋಡಿದ್ರಾ? ಯಾರೋ ಊರನ್ನೇ ಒರೆಸಿ ಹಾಕಿದಾರೆ."

ಡರ್ಬನ್ ಹತ್ತಿರದ ಕಡಲೂರಿನವನು. ನಮ್ಮ ಗಾಂಗ್‌ವೋನ್ ಬೆಟ್ಟಗಳಲ್ಲಿ ಹಿಮ ಕರಗಿ ಮುಗಿದ ಮೇಲೆ ನಮ್ಮ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದವನು, ಇದೇ ಮೊದಲು ನೋಡುತ್ತಿದ್ದ. ದನಿಯಲ್ಲಿ ಸಂತೋಷ ಇತ್ತು, ಸ್ವಲ್ಪ ಭಯವೂ ಇತ್ತು.

"ಹಿಮ ಬಿದ್ರೆ ಶಾಲೆಗೆ ರಜೆ ಅಲ್ವಾ?"

"ಮಕ್ಕಳಿಗೆ," ಅಂದೆ.

"ನನಗೆ?"

"ನಿಮಗಿಲ್ಲ."

"ನಿಮಗೆ?"

ಅಡಿಯಲ್ಲಿ ಬಿಸಿನೀರು ಹರಿಯುವ ನಮ್ಮ ಮನೆಯ ನೆಲ ಕಾಲ ಕೆಳಗೆ ಬೆಚ್ಚಗಿತ್ತು. ಹಾಸಿಗೆ ಇನ್ನೂ ಮಡಚಿರಲಿಲ್ಲ. ಅವನೊಬ್ಬನೇ ಆ ತಣ್ಣನೆಯ ಸ್ಟಾಫ್ ರೂಮಿನಲ್ಲಿ ಕೂತಿರುವುದು ಕಣ್ಣಿಗೆ ಕಟ್ಟಿತು.

"ನನಗೂ ಇಲ್ಲ," ಅಂದೆ.

ಅದು ಸುಳ್ಳು. ಹಿಮದಿಂದ ಶಾಲೆ ಮುಚ್ಚಿದಾಗ ನಮ್ಮಂಥ ಟೀಚರುಗಳಿಗೆ ಮನೆಯಲ್ಲೇ ಪಾಠದ ತಯಾರಿ ಮಾಡಿಕೊಳ್ಳಿ ಎಂದು ಬಿಟ್ಟುಬಿಡುತ್ತಾರೆ. ಹೊರದೇಶದಿಂದ ಇಂಗ್ಲಿಷ್ ಕಲಿಸಲು ಬಂದವರ ಕರಾರಿನಲ್ಲಿ ಆ ಸೌಲಭ್ಯವಿಲ್ಲ. ಮಕ್ಕಳು ಬರಲಿ ಬಿಡಲಿ, ಸಂಜೆಯವರೆಗೆ ಅವರು ಬಂದು ಕೂರಬೇಕು. ಸ್ಟಾಫ್ ರೂಮಿನಲ್ಲಿ ಅದಕ್ಕೆ 'ಕುರ್ಚಿ ಬೆಚ್ಚಗಿಡುವ ಡ್ಯೂಟಿ' ಅನ್ನುತ್ತಾರೆ.

ಆದರೆ ಮೊದಲ ಹಿಮದ ದಿನ ಹೇಳಿದ ಸುಳ್ಳಿಗೆ ನಮ್ಮಲ್ಲಿ ಮಾಫಿ ಇದೆ. ಹಳೇ ಕಾಲದಲ್ಲಿ ರಾಜನಿಗೇ ಹೇಳಿದರೂ ಅವನು ನಕ್ಕು ಸುಮ್ಮನಾಗಬೇಕಿತ್ತಂತೆ. ಬೂಟು ಹಾಕಿಕೊಳ್ಳುತ್ತಾ ಅದನ್ನೇ ನೆನೆದು ಸಮಾಧಾನ ಮಾಡಿಕೊಂಡೆ.

*

ಮಕ್ಕಳಿಲ್ಲದ ದಿನ ಶಾಲೆಯ ದೊಡ್ಡ ಹೀಟಿಂಗ್ ಹಾಕುವುದಿಲ್ಲ. ಇದ್ದದ್ದು ಒಂದೇ ಪುಟ್ಟ ಕರೆಂಟ್ ಹೀಟರು, ಎರಡು ಮೇಜುಗಳ ನಡುವೆ.

ಲುಂಗೆಲೊ ಅದರ ಮುಖವನ್ನು ನನ್ನ ಕಡೆ ತಿರುಗಿಸಿದ. ಅವನು ಕಾಫಿಗೆ ಬಿಸಿನೀರು ತರಲು ಹೋದಾಗ ನಾನು ಅವನ ಕುರ್ಚಿಯ ಕಡೆ ತಿರುಗಿಸಿದೆ. ಬಂದವನು ಹೀಟರನ್ನೂ ನನ್ನನ್ನೂ ನೋಡಿದ. ನಾನು ತಲೆ ಬಗ್ಗಿಸಿ, ಆಗಲೇ ತಿದ್ದಿ ಮುಗಿದಿದ್ದ ಉತ್ತರಪತ್ರಿಕೆಯನ್ನು ಮತ್ತೆ ತಿದ್ದತೊಡಗಿದೆ.

"ನಿಮ್ಮ ಹೀಟರಿಗೆ ದೆವ್ವ ಮೆಟ್ಟಿದೆ, ಮಿಸ್."

"ಹಳೇದು. ತಾನಾಗೇ ತಿರುಗುತ್ತೆ."

ಅವನು ನಗಲಿಲ್ಲ. ನಗುವನ್ನು ತುಟಿಯ ಒಂದು ಮೂಲೆಯಲ್ಲಿ ಅಡಗಿಸಿಟ್ಟುಕೊಂಡು, ಕಾಫಿಯ ಆವಿಯ ಹಿಂದಿನಿಂದ ನನ್ನನ್ನು ನೋಡುತ್ತಲೇ ಇದ್ದ. ನನ್ನ ಕಿವಿಗಳು ಕೆಂಪಾದವು. ಚಳಿಗೆ ಎಂದು ಅವನು ತಿಳಿದುಕೊಂಡಿರಬೇಕು, ಹೀಟರು ಮತ್ತೆ ನನ್ನ ಕಡೆ ತಿರುಗಿತು.

ಮಧ್ಯಾಹ್ನ ಓಕ್ ಅಣ್ಣ ಬಂದರು. ಶಾಲೆಯ ನಲ್ಲಿ, ಬಲ್ಬು, ಬಾಗಿಲು ಎಲ್ಲ ನೋಡಿಕೊಳ್ಳುವವರು. ಅಂಗಳದ ಹಿಮ ತೋಡಿ, ಮೀಸೆಯ ಮೇಲೆ ಬಿಳಿ ಹೊತ್ತುಕೊಂಡು, ಸುಟ್ಟ ಗೆಣಸು ತಂದಿದ್ದರು. ನನ್ನನ್ನು ನೋಡಿ ಹುಬ್ಬೇರಿಸಿದರು.

"ಏನು ಮಿಸ್, ಮನೇಲಿ ನೆಲ ಬಿಸಿ ಆಗಲ್ವಾ? ಈ ಐಸ್ ಪೆಟ್ಟಿಗೆಗೆ ಬಂದು ಕೂತಿದೀರಲ್ಲ."

ಏನಂದರು ಎಂದು ಲುಂಗೆಲೊ ಕೇಳಿದ. ಅವನಿಗೂ ಊರಿಗೂ ನಡುವೆ ಮಾತು ದಾಟಿಸುವುದು ನನ್ನ ಕೆಲಸವೇ. ತರಗತಿಯಲ್ಲಿ ಅವನ ಪಕ್ಕ ನಿಂತು ಕಲಿಸುವವಳೂ ನಾನು, ಆಫೀಸಿನ ಸೂಚನೆ ತಿಳಿಸುವವಳೂ ನಾನು.

"ಚಳಿ ಜಾಸ್ತಿ ಅಂದ್ರು," ಅಂದೆ.

ಓಕ್ ಅಣ್ಣನಿಗೆ ಇಂಗ್ಲಿಷ್ ಬರುವುದಿಲ್ಲ. ನನ್ನ ಮುಖ ಓದುವುದು ಬರುತ್ತದೆ. ದೊಡ್ಡ ಗೆಣಸನ್ನು ಆರಿಸಿ ನನ್ನ ಕೈಗೆ ಕೊಟ್ಟು ಹೋದರು.

ಆ ಚಳಿಗಾಲ ಹಿಮ ಮತ್ತೆ ಮತ್ತೆ ಬಿತ್ತು. ಪ್ರತಿ ಸಲವೂ ಅವನು ಕೇಳುವ ಮೊದಲೇ ನಾನು ಬಂದು ಕೂತಿರುತ್ತಿದ್ದೆ. ಒಂದು ಸಲ ಅವನು ನೇರವಾಗಿಯೇ ಕೇಳಿದ್ದ, ಬೇರೆ ಟೀಚರುಗಳು ಯಾಕೆ ಕಾಣುವುದಿಲ್ಲ ಎಂದು. ಹೊರದೇಶದ ಮೇಷ್ಟ್ರ ಜೊತೆ ಅವರ ಜೊತೆಗಾರ ಟೀಚರ್ ಇರಲೇಬೇಕು ಎಂಬ ನಿಯಮ ಇದೆ ಎಂದೆ. ಅವನ ಮುಖ ಸಣ್ಣಗಾಯಿತು. "ನನ್ನಿಂದ ನಿಮ್ಮ ರಜೆಯೆಲ್ಲಾ ಹಾಳು," ಅಂದ. ಪರವಾಗಿಲ್ಲ ಎಂದೆ. ಅದಕ್ಕಿಂತ ಹೆಚ್ಚಿನ ಮಾತು ನನ್ನ ಬಾಯಿಗೆ ಬರುವುದಿಲ್ಲ. ಮನೆಗೆ ಹೋಗಿ ಡೈರಿಯಲ್ಲಿ ಎರಡು ಪುಟ ಬರೆಯುವವಳು, ಎದುರಿಗೆ ಎರಡು ಪದ ಆಡಲಾರೆ.

*

ಡಿಸೆಂಬರಿನಲ್ಲಿ ವೈಸ್ ಪ್ರಿನ್ಸಿಪಾಲ್ ಬಾಂಗ್ ಸರ್ ಇಬ್ಬರನ್ನೂ ಕರೆಸಿದರು. ಮುಂದಿನ ವರ್ಷಕ್ಕೂ ಇರುತ್ತಾರಾ ಕೇಳಿ ಎಂದರು. ನಾನು ಇಂಗ್ಲಿಷಿನಲ್ಲಿ ಕೇಳಿದೆ.

ಲುಂಗೆಲೊ ಅವರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದ.

"ನೀವೇನಂತೀರಿ, ಮಿಸ್?"

ಇರಿ ಎಂಬ ಮಾತು ಗಂಟಲಿನವರೆಗೆ ಬಂತು. ಆದರೆ ನಮ್ಮಲ್ಲಿ ಒಬ್ಬರನ್ನು ಇರಿ ಎಂದು ಬಾಯಿಬಿಟ್ಟು ಕೇಳುವುದೆಂದರೆ ಅವರ ತಲೆಯ ಮೇಲೆ ಮೂಟೆ ಇಟ್ಟ ಹಾಗೆ. ಎದುರಿಗಿದ್ದವರು ನಮ್ಮ ಮನಸ್ಸನ್ನು ತಾವೇ ತಿಳಿದುಕೊಳ್ಳಬೇಕು. ಹಾಗೇ ಬೆಳೆದವಳು ನಾನು. ಬಾಂಗ್ ಸರ್ ಬೇರೆ ಪೆನ್ನು ಹಿಡಿದು ಕಾಯುತ್ತಿದ್ದರು.

"ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ," ಅಂದೆ.

ನಮ್ಮೂರಿನವನಾಗಿದ್ದರೆ ನನ್ನ ದನಿ ನಡುಗಿದ್ದರಿಂದಲೇ ಉತ್ತರ ತಿಳಿಯುತ್ತಿತ್ತು.

ಅವನು ಕಿಟಕಿಯಾಚೆ ನೋಡಿದ. ಇಳಿಜಾರಿನ ಹೊಲಗಳಲ್ಲಿ, ಕಡಲಿನಿಂದ ತಂದ ಮೀನನ್ನು ಚಳಿಗೆ ಒಣಗಿಸುವ ಮರದ ಚೌಕಟ್ಟುಗಳು ಹಿಮ ಹೊತ್ತು ನಿಂತಿದ್ದವು.

"ಹಾಗಾದ್ರೆ ಊರಿಗೆ ಹೋಗ್ತೀನಿ ಅಂತ ಹೇಳಿ," ಅಂದ.

ಆ ಮಾತನ್ನು ನಮ್ಮ ಭಾಷೆಯಲ್ಲಿ ಹೇಳಬೇಕಾದವಳು ನಾನೇ. ಹೇಳಿದೆ. ಒಂದು ಪದವೂ ತಪ್ಪಲಿಲ್ಲ.

*

ಫೆಬ್ರವರಿಯಲ್ಲಿ, ಶಾಲೆಯ ವರ್ಷ ಮುಗಿದು, ನಮ್ಮನ್ನು ಬಿಟ್ಟು ಹೋಗುವ ಆರನೇ ತರಗತಿಯವರು ಹೂಗುಚ್ಛ ಹಿಡಿದು ಫೋಟೊ ತೆಗೆಸಿಕೊಂಡರು. ಕರಾರು ಮುಗಿಯಲು ಅವನಿಗೆ ಉಳಿದದ್ದು ಒಂದೇ ದಿನ. ಆ ದಿನ ಇಡೀ ಚಳಿಗಾಲದ ಹಿಮವನ್ನೆಲ್ಲ ಯಾರೋ ಮೂಟೆ ಬಿಚ್ಚಿ ಸುರಿದ ಹಾಗೆ ಸುರಿಯಿತು. ಮಕ್ಕಳಿಗೆ ರಜೆ ಎಂದು ಸಂದೇಶ ಬಂತು.

ಮೊಣಕಾಲಿನವರೆಗೆ ಹುಗಿಯುತ್ತಾ ಹೋದೆ. ಅವನು ಆಗಲೇ ಬಂದಿದ್ದ. ಮೇಜು ಖಾಲಿಯಾಗಿತ್ತು. ಹೀಟರು ನನ್ನ ಕುರ್ಚಿಯ ಕಡೆ ಮುಖ ಮಾಡಿ ಉರಿಯುತ್ತಿತ್ತು.

ಓಕ್ ಅಣ್ಣ ಕೊನೆಯ ಸಲ ಗೆಣಸು ತಂದರು. ಒಂದು ವರ್ಷದಲ್ಲಿ ಲುಂಗೆಲೊ ನಮ್ಮ ಮಾತನ್ನು ಅಷ್ಟಿಷ್ಟು ಕಲಿತಿದ್ದ. ಅದಕ್ಕೇ ಅವರು ಮಗುವಿಗೆ ಹೇಳುವ ಹಾಗೆ ನಿಧಾನವಾಗಿ, ಬಿಡಿಸಿ ಹೇಳಿದರು.

"ಮೇಷ್ಟ್ರೇ, ಹೋಗೋ ಮುಂಚೆ ಒಂದು ವಿಷಯ ತಿಳ್ಕೊಳ್ಳಿ. ಹಿಮ ಬಿದ್ದ ದಿನ ಬರಬೇಕು ಅನ್ನೋ ನಿಯಮ ನಿಮಗೊಬ್ರಿಗೇ. ಈ ಮಿಸ್ಸಿಗಿಲ್ಲ. ಯಾವತ್ತೂ ಇರಲಿಲ್ಲ."

ಗೆಣಸಿನ ಪೊಟ್ಟಣ ಮೇಜಿನ ಮೇಲಿಟ್ಟು, ನನ್ನ ಕಡೆ ನೋಡದೆ, ಬಾಗಿಲು ಎಳೆದುಕೊಂಡು ಹೋದರು.

ಲುಂಗೆಲೊ ನನ್ನ ಕಡೆ ತಿರುಗಿದ.

"ನಿಯಮ ಇಲ್ವಾ?" ಅವನು ಕೇಳಿದ.

ಇಲ್ಲ ಎಂದು ತಲೆಯಾಡಿಸಿದೆ. ಮೊದಲ ಹಿಮದ ಮಾಫಿಯ ಕಥೆಯನ್ನು ತೊದಲುತ್ತಾ ಹೇಳಿದೆ. ಮಾಫಿ ಇರುವುದು ಮೊದಲ ದಿನದ ಸುಳ್ಳಿಗೆ ಮಾತ್ರ, ಆಮೇಲಿನವಕ್ಕೆಲ್ಲ ಇಲ್ಲ ಎಂದೂ ಹೇಳಿದೆ.

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ನಾನು ಯಾಕೆ ಹೋಗ್ತೀನಿ ಅಂದೆ ಗೊತ್ತಾ? ಪ್ರತಿ ಸಲ ಹಿಮ ಬಿದ್ದಾಗ್ಲೂ ನನ್ನ ದೆಸೆಯಿಂದ ನೀವು ಈ ಚಳೀಲಿ ಬಂದು ಕೂರ್ತಿದ್ರಿ. ಇರಲಾ ಅಂತ ಕೇಳಿದ್ರೆ, ಅನುಕೂಲ ನೋಡ್ಕೊಳ್ಳಿ ಅಂದ್ರಿ. ಸಾಕಾಗಿದೆ ಪಾಪ ಅಂದ್ಕೊಂಡೆ. ಮುಂದಿನ ಚಳಿಗಾಲ ನೀವು ಮನೇಲಿ ಬೆಚ್ಚಗೆ ಮಲಗಿರಿ ಅಂತ ಹೇಳಿದ್ದು ಅದು."

ಕಿಟಕಿಯಾಚೆ ಹಿಮ, ನಾವಿಬ್ಬರೂ ಇಲ್ಲವೇ ಇಲ್ಲ ಎಂಬ ಹಾಗೆ, ತನ್ನ ಪಾಡಿಗೆ ಬೀಳುತ್ತಿತ್ತು.

ಅವನೇ ಎದ್ದ. ಬಾಂಗ್ ಸರ್‌ಗೆ ಫೋನ್ ಮಾಡಿ, ತಾನಿರುತ್ತೇನೆ ಎಂದು ಹೇಳಿ ಎಂದ. ಮಾಡಿದೆ. ಬಾಂಗ್ ಸರ್ ಶಿಕ್ಷಣ ಕಚೇರಿಗೆ ವಿಚಾರಿಸಿ ತಿರುಗಿ ಮಾಡಿದರು. ಅವರ ದನಿ ಒಳ್ಳೆಯದಿತ್ತು, ಸುದ್ದಿ ಒಳ್ಳೆಯದಿರಲಿಲ್ಲ. ಸಣ್ಣ ಶಾಲೆಗಳಿಗೆ ಇನ್ನು ಹೊರದೇಶದ ಮೇಷ್ಟ್ರುಗಳಿಲ್ಲವಂತೆ. ಇದ್ದವರು ಇರಬಹುದಿತ್ತು, ಹೋಗುತ್ತೇನೆ ಎಂದವರ ಜಾಗ ಅಲ್ಲಿಗೇ ಮುಗಿಯಿತಂತೆ. ಇದನ್ನೂ ನಾನೇ ಅವನಿಗೆ ಹೇಳಬೇಕಾಯಿತು.

"ಹಾಗಾದ್ರೆ ನೀವು ಬನ್ನಿ," ಅಂದ. "ನಮ್ಮೂರಲ್ಲಿ ಹಿಮ ಇಲ್ಲ. ಕಡಲಿದೆ."

ಈ ಶಾಲೆಯಲ್ಲಿ ನಾನು ತಾತ್ಕಾಲಿಕ ಟೀಚರಷ್ಟೇ. ಎರಡು ಸಲ ಫೇಲಾಗಿ, ಆ ಜನವರಿಯಲ್ಲಷ್ಟೇ ಕಾಯಂ ಟೀಚರ್ ಆಗುವ ಪರೀಕ್ಷೆ ಪಾಸಾಗಿದ್ದೆ. ಮಾರ್ಚಿನಿಂದ ಪಕ್ಕದ ಪೇಟೆಯಲ್ಲಿ ಕಾಯಂ ಕೆಲಸ. ಹತ್ತು ವರ್ಷದ ಹುಡುಗಿಯಾಗಿದ್ದಾಗಿಂದ ಬೇಡಿಕೊಂಡದ್ದು ಅದೊಂದನ್ನೇ. ಅದು ಅವನಿಗೂ ಗೊತ್ತಿತ್ತು. ಪಾಸಾದ ದಿನ ಇಡೀ ಶಾಲೆಗೆ ಅಕ್ಕಿ ಕಡುಬು ಹಂಚಿದವನು ಅವನೇ.

ನಿಮಗೆ ಹೇಗೆ ಅನುಕೂಲವೋ ಎಂಬ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದೆ.

"ಬರೋಕಾಗಲ್ಲ," ಅಂದೆ. "ಆದ್ರೆ ಹೋಗಬೇಡ."

ಹುಟ್ಟಿದಾಗಿನಿಂದ ನಾನು ಯಾರನ್ನೂ ಹಾಗೆ ಕೇಳಿರಲಿಲ್ಲ. ಕೇಳಿ ಪ್ರಯೋಜನವಿಲ್ಲದ ದಿನ ಕೇಳಿದೆ. ಅವನು ತನ್ನ ಕುರ್ಚಿ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಹಾಕಿಕೊಂಡ. ಹೀಟರನ್ನು ಯಾರ ಕಡೆಗೂ ತಿರುಗಿಸುವುದು ಬೇಕಾಗಲಿಲ್ಲ. ಸಂಜೆಯವರೆಗೆ, ಗೆಣಸು ಆರಿಹೋಗುವವರೆಗೆ, ಅವನ ಅಂಗೈಯಲ್ಲಿ ನನ್ನ ಕೈ ಇತ್ತು.

ಮರುದಿನ ರಸ್ತೆ ತೆರವಾಯಿತು. ಇನ್ನೊಂದು ದಿನ ಮುಚ್ಚಿರಲಿ ಎಂದು ಬೇಡಿಕೊಂಡಿದ್ದೆ. ಓಕ್ ಅಣ್ಣ ಅವನ ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿದರು. ಅವನು ಕಿಟಕಿಯ ಗಾಜನ್ನು ಒರೆಸುತ್ತಲೇ ಇದ್ದ. ಅದು ಮತ್ತೆ ಮತ್ತೆ ಮಬ್ಬಾಗುತ್ತಲೇ ಇತ್ತು.

*

ಈ ವರ್ಷದ ಮೊದಲ ಹಿಮ ನಿನ್ನೆ ಬಿತ್ತು. ನಾನೀಗ ಪೇಟೆಯ ಶಾಲೆಯವಳು. ಮಕ್ಕಳಿಗೆ ರಜೆ ಕೊಟ್ಟರು, ನಮ್ಮನ್ನೂ ಮನೆಯಲ್ಲೇ ಇರಿ ಎಂದರು. ನೆಲ ಬೆಚ್ಚಗಿತ್ತು. ಎಷ್ಟು ಮಲಗಿದರೂ ನಿದ್ದೆ ಬರಲಿಲ್ಲ.

ಮಧ್ಯಾಹ್ನದ ಮೇಲೆ ಫೋನ್ ಬಂತು. ಅವನಿಗೆ ಅಲ್ಲಿ ಬೆಳಗ್ಗೆ, ಹಿಂದಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ನಮ್ಮ ಬೆಟ್ಟದ ಹವಾಮಾನವನ್ನು ಅವನು ಇನ್ನೂ ಫೋನಿನಲ್ಲಿ ನೋಡುತ್ತಾನಂತೆ.

"ಬಿತ್ತಂತಲ್ಲ. ಶಾಲೆಗೆ ರಜೆನಾ?"

"ಮಕ್ಕಳಿಗೆ."

"ನಿನಗೆ?"

"ನನಗೂ."

"ಒಳ್ಳೇದಾಯ್ತು," ಅಂದ. ಅವನ ಕಡೆ ಶಾಲೆಯ ಗಂಟೆ ಹೊಡೆಯಿತು.

"ಮೊದಲ ಹಿಮ ಅಂದ್ರೆ, ಇವತ್ತು ಸುಳ್ಳು ಹೇಳಬಹುದು ಅಲ್ವಾ?"

"ಹೇಳಬಹುದು."

"ನನಗೆ ನಿನ್ನ ನೆನಪೇ ಬರಲ್ಲ, ಬೊರಮ್."

ಕಿಟಕಿಯಾಚೆ ಎಲ್ಲವೂ ಬೆಳ್ಳಗಿತ್ತು. ಯಾರೋ ಊರನ್ನೇ ಒರೆಸಿ ಹಾಕಿದ್ದರು.

"ನನಗೂ ಬರಲ್ಲ," ಅಂದೆ.