ಸ್ಟೂರಾದ ಕಮಾನು

"ಮಕ್ಕಳಿಗೆ ಅದನ್ನ ಹಾಗೆ ಕಲಿಸ್ಬೇಡಿ."

ಮಾತು ಬಂದದ್ದು ಬಾಗಿಲ ಕಡೆಯಿಂದ. ಆಸ್ಲಾಳ ಕಮಾನು ತಂತಿಯ ಮೇಲೇ ನಿಂತಿತು. ಏಳು ಮಕ್ಕಳು ಏಳು ಪಿಟೀಲುಗಳನ್ನು ಗಲ್ಲದಿಂದ ಇಳಿಸಿ ಹಿಂತಿರುಗಿ ನೋಡಿದರು.

ಹೇಳಿದವನು ಎರ್ಲೆಂಡ್, ಸ್ಟೂರಾ ದ್ವೀಪದ ಫೆರಿಯಲ್ಲಿ ಹಗ್ಗ ಕಟ್ಟುವವನು. ಆಸ್ಲಾ ಪ್ರತಿ ಗುರುವಾರ ಲೆರ್ವಿಕ್ ಪಟ್ಟಣದಿಂದ ಪಿಟೀಲು ಪಾಠಕ್ಕೆ ಬರುವಾಗ ಅವಳ ಟಿಕೆಟ್ ಹರಿದು ಕೊಡುವವನೂ ಅವನೇ. ಎಂಟು ತಿಂಗಳಲ್ಲಿ "ಗಾಳಿ ಇದೆ, ಒಳಗೆ ಕೂತ್ಕೊಳ್ಳಿ" ಎಂಬುದರ ಆಚೆಗೆ ಅವನು ಒಂದು ಮಾತೂ ಆಡಿರಲಿಲ್ಲ. ಈಗ ಮಧ್ಯಾಹ್ನದ ಬಿಡುವಿನಲ್ಲಿ ಊರಿನ ಹಾಲ್‌ಗೆ ಬಂದು, ಕೈಯೆರಡನ್ನೂ ಕೋಟಿನ ಜೇಬಿಗೆ ತುರುಕಿಕೊಂಡು, ಅವಳ ಪಾಠಕ್ಕೇ ತಪ್ಪು ಹುಡುಕುತ್ತಿದ್ದ.

ಆಸ್ಲಾಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ಕುಣಿತದ ಮಟ್ಟು ಸ್ಟೂರಾದ್ದೇ. ಹಳೆಯ ಕೈಬರಹದ ಪುಸ್ತಕದಲ್ಲಿ ಹುಡುಕಿ ತೆಗೆದು, ಮೂರು ವಾರ ಕುತ್ತಿಗೆ ಹಿಡಿದುಕೊಳ್ಳುವಷ್ಟು ಅಭ್ಯಾಸ ಮಾಡಿ, ಈ ಮಕ್ಕಳಿಗೆ ಅವರದೇ ಆಸ್ತಿ ಅಂತ ತಂದುಕೊಟ್ಟಿದ್ದಳು.

"ಹಾಗಾದ್ರೆ ಬನ್ನಿ, ನೀವೇ ನುಡಿಸಿ ತೋರಿಸಿ" ಎಂದು ಪಿಟೀಲನ್ನು ಅವನತ್ತ ಚಾಚಿದಳು.

ಮಕ್ಕಳು ತಲೆ ತಗ್ಗಿಸಿದರು. ಒಂದು ನಿಮಿಷ ಬಾಯಿ ಮುಚ್ಚಿ ಕೂರದ ಹುಡುಗಿ ಬ್ರಿಟಾ ಕೂಡ ತನ್ನ ಶೂಗಳ ಲೇಸನ್ನೇ ನೋಡುತ್ತ ಕುಳಿತಳು. ಎರ್ಲೆಂಡ್‌ನ ಮುಖ ಒಮ್ಮೆ ಕೆಂಪಗಾಗಿ ಮತ್ತೆ ಬಿಳಿಚಿಕೊಂಡಿತು.

"ನನಗೆ ಆಗಲ್ಲ" ಎಂದು ಹೊರಟುಹೋದ.

ಏನಾಯಿತೆಂದು ಹೇಳಿದವಳು ಹಾಲ್‌ನಲ್ಲಿ ಚಹಾ ಕಾಸುವ ಮೈಮಿ. ಎರ್ಲೆಂಡ್‌ಗೆ ಅವಳು ಸೋದರತ್ತೆ. ಎಂಟು ವರ್ಷದ ಹಿಂದೆ ಮೀನಿನ ದೋಣಿಯಲ್ಲಿ ಬಲೆ ಎಳೆಯುವ ಯಂತ್ರದ ಹಗ್ಗಕ್ಕೆ ಸಿಕ್ಕಿ ಅವನ ಎಡಗೈಯ ಮೂರು ಬೆರಳು ಹೋಗಿದ್ದವು. ಅಲ್ಲಿಯವರೆಗೆ, ಅಜ್ಜನ ಕಾಲದಿಂದಲೂ, ಸ್ಟೂರಾ ಕುಣಿದದ್ದು ಅವನ ಮನೆಯವರ ಪಿಟೀಲಿಗೇ. ಅಂದಿನಿಂದ ಅವನು ಆ ಕೈಯ ಗವಸು ಬಿಚ್ಚಿದ್ದನ್ನು ಕಂಡವರಿಲ್ಲ, ಅವನ ಬಾಯಲ್ಲಿ ಪಿಟೀಲಿನ ಮಾತು ಕೇಳಿದವರೂ ಇಲ್ಲ.

"ಇವತ್ತು ಬಾಯಿ ಬಿಟ್ಟಿದ್ದ. ನೀನು ಮುಚ್ಚಿಸಿದೆ ಕಣಮ್ಮ" ಎಂದು ಮೈಮಿ ಲೋಟಕ್ಕೆ ಚಹಾ ಬಗ್ಗಿಸಿದಳು.

ಆಸ್ಲಾ ಲೋಟವನ್ನು ಹಾಗೇ ಕೆಳಗಿಟ್ಟಳು.

ಸಂಜೆ ಫೆರಿಯಲ್ಲಿ ಅವನು ಕಟಕಟೆಗೆ ಒರಗಿ ನಿಂತಿದ್ದ. ಅವಳು ಗಾಳಿಗೆ ತಲೆ ಬಗ್ಗಿಸಿಕೊಂಡು ಹೋಗಿ ಕ್ಷಮೆ ಕೇಳಿದಳು. ಅವನು ಅವಳ ಕಡೆ ನೋಡಲೂ ಇಲ್ಲ.

"ಕನಿಕರ ಬೇಡ ಮೇಡಂ. ಎಂಟು ವರ್ಷದಿಂದ ಊರವರೆಲ್ಲ ಕೊಟ್ಟಿದ್ದಾರೆ. ಮನೇಲಿ ಇಡೋಕೆ ಜಾಗ ಇಲ್ಲ."

"ಕನಿಕರ ಅಲ್ಲ. ತಪ್ಪು ಎಲ್ಲಿ ಅಂತ ಹೇಳಿ. ಮಕ್ಕಳು ತಪ್ಪೇ ಕಲಿತುಬಿಡ್ತಾರೆ."

ಆಗ ನೋಡಿದ. ಅವಳು ಹೇಳಿದ್ದು ನಿಜವೇ, ಬರೀ ಮರ್ಯಾದೆಯ ಮಾತೇ ಎಂದು ಅಳೆಯುವ ನೋಟ. ಆಮೇಲೆ ಸಮುದ್ರದ ಕಡೆ ತಿರುಗಿ ಆ ಮಟ್ಟನ್ನು ಬಾಯಲ್ಲೇ ಹಾಡತೊಡಗಿದ. ಮಾತಿಲ್ಲ, ಬರೀ ದನಿ. ಪಿಟೀಲಿಲ್ಲದ ಕಡೆ ಹಿಂದಿನವರು ಹೀಗೆ ಬಾಯಲ್ಲಿ ಹಾಡಿಯೇ ಕುಣಿಸುತ್ತಿದ್ದರಂತೆ.

ಸ್ವರಗಳು ಪುಸ್ತಕದಲ್ಲಿದ್ದವೇ. ಆದರೆ ನಡೆಯೇ ಬೇರೆ. "ಎಲ್ಲರೂ ಕಮಾನು ಕೆಳಗೆ ಎಳೆಯೋವಾಗ ಒತ್ತು ಕೊಡ್ತಾರೆ. ನಮ್ಮಲ್ಲಿ ಒತ್ತು ಮೇಲಕ್ಕೆ ತಳ್ಳೋವಾಗ" ಎಂದ. ಹಾಗೆ ಹೇಳುತ್ತಿದ್ದಂತೆ ದಪ್ಪ ಕೋಟಿನೊಳಗೆ ಅವನ ಬಲ ಮೊಣಕೈ ತಾನಾಗಿ ಅಲುಗಿತು. ಅವನಿಗದು ಗೊತ್ತಾಗಲಿಲ್ಲ. ಅವಳು ನೋಡಿದಳು, ಮನೆಗೆ ಹೋಗಿ ಮಲಗುವವರೆಗೂ ಅದನ್ನೇ ನೆನೆಸಿಕೊಂಡಳು.

ಅಲ್ಲಿಂದ ಗುರುವಾರಗಳು ಬದಲಾದವು. ಹೋಗುವಾಗ ಇಪ್ಪತ್ತು ನಿಮಿಷ ಅವನು ಹಾಡುತ್ತಿದ್ದ, ಅವಳು ಕೇಳುತ್ತಿದ್ದಳು. ಬರುವಾಗ ಇಪ್ಪತ್ತು ನಿಮಿಷ ಅವಳು ಹಾಡಿ ಒಪ್ಪಿಸುತ್ತಿದ್ದಳು. ಸರಿಯಿಲ್ಲದ ಕಡೆ ಅವನು ಹುಬ್ಬು ಏರಿಸುತ್ತಿದ್ದ. ಆ ಹುಬ್ಬು ಏರಲಿ ಎಂದೇ ಒಂದೆರಡು ಸಲ ಅವಳು ಬೇಕಂತಲೇ ತಪ್ಪಿದ್ದೂ ಉಂಟು. ಅವನಿಗೆ ಗೊತ್ತಾಗುತ್ತಿತ್ತು. ಗೊತ್ತಾಯಿತೆಂದು ಅವನು ಹೇಳುತ್ತಿರಲಿಲ್ಲ, ಕಣ್ಣಂಚು ಮಾತ್ರ ಸ್ವಲ್ಪ ಸಡಿಲವಾಗುತ್ತಿತ್ತು. ಅಷ್ಟಕ್ಕೇ ಆಸ್ಲಾ ಮುಂದಿನ ಗುರುವಾರದವರೆಗೆ ಬದುಕುತ್ತಿದ್ದಳು.

"ಒಂದು ಟಿಕೆಟ್ ಹರಿಯೋಕೆ ಇಪ್ಪತ್ತು ನಿಮಿಷ ಬೇಕೇನೋ ನಮ್ಮ ಹುಡುಗನಿಗೆ" ಎಂದು ಮೈಮಿ ಒಂದು ದಿನ ಬ್ಯಾನಕ್ ರೊಟ್ಟಿಗೆ ಬೆಣ್ಣೆ ಸವರುತ್ತ ಯಾರಿಗೂ ಅಲ್ಲವೆಂಬಂತೆ ಅಂದಳು. ಮಕ್ಕಳು ಕಿಸಕ್ಕೆಂದರು. ಆಸ್ಲಾ ತಂತಿ ಬಿಗಿಯುವುದರಲ್ಲಿ ಮುಳುಗಿಹೋದಂತೆ ನಟಿಸಿದಳು.

ಮಾರ್ಚ್‌ನಲ್ಲಿ ಶಿಕ್ಷಣ ಕಚೇರಿಯಿಂದ ಕಾಗದ ಬಂತು. ಏಪ್ರಿಲ್‌ನಿಂದ ಆಸ್ಲಾಳಿಗೆ ದಕ್ಷಿಣದ ಶಾಲೆಗಳು; ಸ್ಟೂರಾ ಸೇರಿ ಉತ್ತರದ ದ್ವೀಪಗಳಿಗೆ ಬೇರೆ ಮೇಷ್ಟ್ರು. ಮಕ್ಕಳಿಗೆ ಮಟ್ಟು ಬಂದಿತ್ತು, ಕಮಾನು ಮೇಲಕ್ಕೆ ತಳ್ಳುವಾಗಿನ ಆ ಒತ್ತು ಮಾತ್ರ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೇ ಬಂದಿರಲಿಲ್ಲ. ಹೊಸಬರಿಗೆ ಬರುವ ಮಾತೇ ಇಲ್ಲ. ಎರ್ಲೆಂಡ್‌ನ ತೋಳಿನಲ್ಲಿರುವುದು ಅವನ ತೋಳಿನಲ್ಲೇ ಉಳಿದು ಹೋಗುತ್ತದೆ.

ಅವಳು ಫೆರಿಯಲ್ಲಿ ವಿಷಯ ತಿಳಿಸಿದಳು. ಅವನು "ಓ" ಎಂದ. ಫೆರಿ ದಡಕ್ಕೆ ಬಂತು, ಹಗ್ಗ ಎತ್ತಿಕೊಂಡು ಹೋದ. ಹೋಗಬೇಡಿ ಅನ್ನುವುದು ಬೇಡ, ಬೇಜಾರಾಯಿತು ಅನ್ನಬಹುದಿತ್ತಲ್ಲ ಎಂದು ಅವಳಿಗೆ ದಾರಿಯುದ್ದಕ್ಕೂ ಸಂಕಟವಾಯಿತು.

ಕೊನೆಯ ಗುರುವಾರ ಅವನು ಹಾಲ್‌ಗೆ ತಾನಾಗಿ ಬಂದ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಮಕ್ಕಳ ನಡುವೆ ಬಂದು ನಿಂತು ಆ ಒತ್ತನ್ನು ಬಿಡಿಸಿ ಹೇಳಲು ನೋಡಿದ. ಎರಡು ಸಲ ಹೇಳಿದ, ಹಾಡಿ ತೋರಿಸಿದ. ಮಕ್ಕಳು ಪಿಳಿಪಿಳಿ ನೋಡಿದರು.

"ಹೇಳೋಕೆ ಬರಲ್ಲ" ಎಂದು ಸೋತು ಕೈಚೆಲ್ಲಿದ. "ಇದು ತೋಳಲ್ಲಿರೋದು."

"ತೋಳು ಇದೆಯಲ್ಲ" ಎಂದಳು ಆಸ್ಲಾ. "ಬೆರಳು ನನ್ನದು ತಗೊಳ್ಳಿ."

ಪಿಟೀಲನ್ನು ಗಲ್ಲಕ್ಕೆ ಒತ್ತಿ, ಎಡಗೈ ಬೆರಳುಗಳನ್ನು ತಂತಿಯ ಮೇಲಿಟ್ಟು, ಕಮಾನನ್ನು ಅವನತ್ತ ಚಾಚಿದಳು. ಅಂದು ಎಲ್ಲರೆದುರು ಪಿಟೀಲು ಚಾಚಿದ್ದು ನೆನಪಾಯಿತು, ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎರ್ಲೆಂಡ್ ಬಲಗೈಯ ಗವಸು ಬಿಚ್ಚಿ ಕಮಾನು ತೆಗೆದುಕೊಂಡ, ಅವಳ ಬಲಕ್ಕೆ ಬಂದು ನಿಂತ. ಅವನ ಕೋಟಿನಿಂದ ಉಪ್ಪುನೀರಿನ, ಡೀಸೆಲ್‌ನ ವಾಸನೆ ಬರುತ್ತಿತ್ತು.

ಮೊದಲನೆಯ ಸಲ ಕಮಾನು ಜಾರಿ ಕೀರೆಂದಿತು. ಬ್ರಿಟಾ ನಕ್ಕಳು. ಎರಡನೆಯ ಸಲ ಆಸ್ಲಾಳ ಬೆರಳು ಮುಂದೆ ಓಡಿತು, ಅವನ ಕಮಾನು ಹಿಂದೆ ಉಳಿಯಿತು. "ನಿಧಾನ. ನನ್ನ ಉಸಿರು ಕೇಳಿ" ಎಂದ ಮೆಲ್ಲಗೆ. ಅವಳು ಕೇಳಿದಳು. ಮೂರನೆಯ ಸಲ ಕಮಾನು ಮೇಲಕ್ಕೆ ಹೋಗುವಾಗ ಮಟ್ಟು ಎದ್ದು ನಿಂತಿತು. ಆಸ್ಲಾಳ ಬೆರಳುಗಳು ಎಷ್ಟೋ ಸಲ ತುಳಿದ ದಾರಿಯೇ, ಆದರೆ ಈಗ ಅದರಲ್ಲಿ ಜನ ಓಡಾಡುತ್ತಿದ್ದರು, ಕುಣಿಯುತ್ತಿದ್ದರು. ಮೈಮಿ ಒಲೆಯ ಬಳಿ ಕೆಟಲ್ ಹಿಡಿದೇ ನಿಂತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಎಂಟು ವರ್ಷದ ಮೇಲೆ ಎರ್ಲೆಂಡ್‌ನ ಮನೆಯ ನಡೆ ಸ್ಟೂರಾದಲ್ಲಿ ಕೇಳಿತ್ತು.

ಮಕ್ಕಳಿಗೆ ಕಣ್ಣಿಗೆ ಕಂಡದ್ದೇ ಸಾಕಾಯಿತು. ಅರ್ಧ ಗಂಟೆಯಲ್ಲಿ ಬ್ರಿಟಾ ಹಿಡಿದಳು, ಅವಳನ್ನು ನೋಡಿ ಉಳಿದವರು.

"ಎರ್ಲೆಂಡ್ ಮಾಮ, ಮುಂದಿನ ವಾರ ನನ್ನ ಬೆರಳು ತಗೋ" ಎಂದಳು ಬ್ರಿಟಾ. ಅವನು ನಕ್ಕು ಆಗಲಿ ಎಂದ. ಆಸ್ಲಾಳಿಗೆ ಸಂತೋಷ ಉಕ್ಕಿ ಬಂತು, ಅದರ ಬೆನ್ನಿಗೇ ಒಂದು ನೋವೂ ಬಂತು. ಇನ್ನು ಇಲ್ಲಿ ಅವಳಿಂದ ಆಗಬೇಕಾದ್ದು ಏನೂ ಇರಲಿಲ್ಲ.

ಅಂದು ಸಂಜೆ ಫೆರಿಯಲ್ಲಿ ದಡ ಹತ್ತಿರವಾಗುತ್ತಿದ್ದಾಗ ಅವನು ಕೇಳಿದ. "ಇಷ್ಟು ದಿನ ಬಂದು ನನ್ನ ಜೊತೆ ನಿಂತ್ರಲ್ಲ. ನಿಜ ಹೇಳಿ, ಕನಿಕರ ಅಲ್ವಾ?"

ಅವಳಿಗೆ ಕಣ್ಣು ತುಂಬಿತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದು ಬಾಯಿ ಕಟ್ಟಿತು. ಅಷ್ಟರಲ್ಲಿ ದಡ ಬಂತು, ಅವನನ್ನು ಯಾರೋ ಕೂಗಿದರು, ಇಳಿಯಲು ಕಾದಿದ್ದ ಕಾರುಗಳು ಹಾರ್ನ್ ಹೊಡೆದವು. ಉತ್ತರ ಹೇಳದೆಯೇ ಅವಳು ಇಳಿದುಹೋದಳು. ಮೂರು ದಿನ ತನ್ನನ್ನು ತಾನೇ ಬೈದುಕೊಂಡಳು. ಎಂಟು ವರ್ಷ ಒಬ್ಬ ಮನುಷ್ಯ ಒಂದೇ ಪ್ರಶ್ನೆ ಹೊತ್ತುಕೊಂಡು ಓಡಾಡಿದ್ದ; ಅದನ್ನು ಕೊನೆಗೆ ಕೇಳಿದ್ದು ಅವಳನ್ನು; ಅವಳು ಮೂಗಿಯ ಹಾಗೆ ನಿಂತಿದ್ದಳು.

ಭಾನುವಾರ ಬೆಳಿಗ್ಗೆ ಫೆರಿ ಹತ್ತುವವರು ನಾಲ್ಕೇ ಜನ. ನಾಲ್ಕನೆಯವಳನ್ನು ಕಂಡು ಎರ್ಲೆಂಡ್ ಟಿಕೆಟ್ ಪುಸ್ತಕ ಹಿಡಿದು ಹಾಗೇ ನಿಂತ. ಅವಳ ಹೆಗಲು ಖಾಲಿ ಇತ್ತು.

"ಪಿಟೀಲು ಮರೆತು ಬಂದ್ರಾ?"

"ಮನೇಲಿ ಬಿಟ್ಟು ಬಂದೆ." ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಚೆದುರಿಹೋಗಿ, ಉಳಿದದ್ದನ್ನು ಅವಳು ಹಾಗೇ ಹೇಳಿದಳು. "ಮಕ್ಕಳಿಗೆ ಇನ್ನು ನಾನು ಬೇಕಾಗಿಲ್ಲ. ನಿಮಗೆ ನನ್ನ ಬೆರಳೂ ಬೇಕಾಗಿಲ್ಲ, ಬ್ರಿಟಾ ಇದ್ದಾಳೆ. ಸ್ಟೂರಾದಲ್ಲಿ ನನಗೆ ಒಂದು ಕೆಲಸವೂ ಇಲ್ಲ. ಆದ್ರೂ ಬಂದಿದ್ದೀನಿ. ಇದನ್ನ ಕನಿಕರ ಅಂತೀರಾ?"

ಅವನು ಟಿಕೆಟ್ ಪುಸ್ತಕವನ್ನು ಮುಚ್ಚಿದ.

"ಅವತ್ತು ನಾನು ಹಾಲ್‌ಗೆ ಬಂದಿದ್ದು" ಎಂದು ಕೊನೆಗೆ ತಡವರಿಸಿದ, "ಅರ್ಧ ಆ ಮಟ್ಟಿಗೋಸ್ಕರ. ಇನ್ನರ್ಧ ನಿನಗೋಸ್ಕರ. ಎಂಟು ತಿಂಗಳಿಂದ ಗಾಳಿ ಇದೆ, ಗಾಳಿ ಇದೆ ಅಂತ ಹೇಳಿ ಹೇಳಿ ನನಗೇ ಸಾಕಾಗಿತ್ತು."

"ನಿಮ್ಮನ್ನ ಪ್ರೀತಿಸ್ತೀನಿ ನಾನು" ಎಂದಳು ಆಸ್ಲಾ. "ಅದಕ್ಕೇ ಬಂದೆ. ಬೇರೆ ಏನೂ ಅಲ್ಲ."

ಟಿಕೆಟ್ ಹರಿಯುವುದನ್ನು ಅವನು ಮರೆತ. ಫೆರಿ ಹೊರಟ ಮೇಲೆ ಒಳಗೆ ಬಂದು ಬೆಂಚಿನಲ್ಲಿ ಅವಳ ಪಕ್ಕ ಕುಳಿತು, ಎಡಗೈಯ ಗವಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಅವಳು ಆ ಕೈ ಮೇಲೆ ತನ್ನ ಕೈ ಇಟ್ಟಳು. ಆ ಇಪ್ಪತ್ತು ನಿಮಿಷ ಇಬ್ಬರೂ ಹಾಡಲಿಲ್ಲ. ಸ್ಟೂರಾ ಹತ್ತಿರವಾದಾಗ ಹಗ್ಗ ಕಟ್ಟಲು ಅವನು ಏಳಬೇಕಿತ್ತು. ಅವಳು ಕೈ ಬಿಡಲು ಸ್ವಲ್ಪ ತಡ ಮಾಡಿದಳು.