ಟೈಲರಮ್ಮನ ಚೀಲದ ಗಂಟು

"ಇದು ನಾನು ಹಾಕಿದ ಗಂಟಲ್ಲ," ಎಂದರು ಟೈಲರಮ್ಮ. ಏದುಸಿರು ಬಿಡುತ್ತಲೇ ತಾವೇ ಹೊಲಿದ ಬಟ್ಟೆಚೀಲವನ್ನು ಹೆಡ್ ಸಿಸ್ಟರ್ ಕೈಗಿಟ್ಟರು. "ಎಳೆದ್ರೆ ಬಿಚ್ಕೊಳ್ಳೋ ಗಂಟು ನನ್ನದು. ಇದು ಉಗುರಿಗೂ ಬಗ್ತಿಲ್ಲ."

ಸಿಸ್ಟರ್ ಗಂಟನ್ನು ಮುಟ್ಟದೆ ಪಕ್ಕದ ದಾರ ಕತ್ತರಿಸಿದರು. ಒಳಗೆ ಕನ್ನಡಕವಿತ್ತು, ಮಾತ್ರೆಗಳಿದ್ದವು. ಎದೆಯೊಳಗಿನ ವಾಲ್ವಿನ ಅಳತೆ ಬರೆದ ಕಾರ್ಡ್ ಮಾತ್ರ ಇರಲಿಲ್ಲ. ನಾನು ದಾಖಲೆ ಕೋಣೆಗೆ ಓಡಿದೆ. ಅಲ್ಲಿ ಅವರ ಹಳೆಯ ಫೈಲೂ ಮಾಯವಾಗಿತ್ತು.

ಹನ್ನೆರಡು ವರ್ಷದ ಹಿಂದೆ ನಮ್ಮ ದೊಡ್ಡ ಡಾಕ್ಟರು ಟೈಲರಮ್ಮನ ಎದೆಮೂಳೆ ಸೀಳಿ ವಾಲ್ವ್ ಕೂರಿಸಿದ್ದರು. ಈಗ ಅದು ಸವೆದಿತ್ತು. ಹೃದಯ ಮೂಳೆಯ ಹಿಂಬದಿಗೆ ಅಂಟಿಕೊಂಡಿದ್ದರಿಂದ ಮತ್ತೆ ಗರಗಸ ಇಟ್ಟರೆ ಜೀವಕ್ಕೇ ಸಂಚಕಾರ. ಚಿಕ್ಕ ಡಾಕ್ಟರು ಬೇರೆ ದಾರಿ ಹೇಳಿದ್ದರು: ತೊಡೆಸಂದಿಯ ರಕ್ತನಾಳದಲ್ಲಿ ತಂತಿ ತೂರಿಸಿ, ಹಳೇ ವಾಲ್ವಿನ ಒಳಗೇ ಹೊಸದನ್ನು ಅರಳಿಸುವುದು. ಆದರೆ ಹಳೆಯದರ ಅಳತೆ ಖಚಿತವಾಗಿ ಗೊತ್ತಿರಬೇಕು. ಕಾಗದವೂ ಸ್ಕ್ಯಾನೂ ತಾಳೆಯಾಗಬೇಕು.

"ಕಾಗದ ಇಲ್ಲದೆ ನಾನು ಕೈ ಹಾಕಲ್ಲ," ಎಂದರು ಚಿಕ್ಕ ಡಾಕ್ಟರು.

"ಹಾಗಾದ್ರೆ ನಾಳೆ ನಾನೇ ಎದೆ ತೆಗೀತೀನಿ, ಹಳೇದನ್ನ ಕಿತ್ತು ಹಾಕ್ತೀನಿ," ಎಂದರು ದೊಡ್ಡ ಡಾಕ್ಟರು.

ಟೈಲರಮ್ಮ ನನ್ನ ತೋಳು ಹಿಡಿದುಕೊಂಡರು. "ಮಗಳಿಗೆ ತಿಂಗಳು ತುಂಬಿದೆ ಕಣಣ್ಣ. ಮಗು ಮುಖ ನೋಡೋ ತನಕ ಇರ್ತೀನಾ?"

ನಾನು ಸ್ಟ್ರೆಚರ್ ತಳ್ಳುವವನು. ಬೆಳಿಗ್ಗೆ ಅವರನ್ನು ಎಕ್ಸ್‌ರೇಗೆ ಒಯ್ದವನು ನಾನೇ; ಚೀಲ ಹಾಸಿಗೆಯಲ್ಲೇ ಉಳಿದಿತ್ತು. ಪಕ್ಕದ ಹಾಸಿಗೆಯವರು ಹೇಳಿದಂತೆ ಆ ಅರ್ಧ ಗಂಟೆಯಲ್ಲಿ ವಾರ್ಡಿಗೆ ಬಂದವರು ಮೂವರೇ: ದಾಖಲೆ ಕೋಣೆಯ ಗುಮಾಸ್ತ, ಚಿಕ್ಕ ಡಾಕ್ಟರು, ದೊಡ್ಡ ಡಾಕ್ಟರು. ನಾನು ನೇರ ಹೋಗಿ ಗುಮಾಸ್ತನ ಕಾಲರ್ ಹಿಡಿದೆ.

"ಬಿಡೋ ಅವನನ್ನ! ನಿನ್ನ ತಲೆಗಿಂತ ಕೈ ಮುಂದೆ ಓಡುತ್ತೆ," ಎಂದು ಸಿಸ್ಟರ್ ಗದರಿದರು. ಆಸ್ಪತ್ರೆಯಲ್ಲಿ ಏನು ಕಳೆದರೂ ಹುಡುಕಿಕೊಡುವವರು ಅವರು. ಗುಮಾಸ್ತನಿಗೆ ಒಂದು ಫೈಲ್ ಕಟ್ಟು ಕಟ್ಟಲು ಹೇಳಿದರು. ಅವನು ಕೆಮ್ಮುತ್ತಾ ಕಟ್ಟಿದ. ಸಿಸ್ಟರ್ ಎಳೆದರು, ಸರ್ರನೆ ಬಿಚ್ಚಿಕೊಂಡಿತು. ಆಮೇಲೆ ಆಪರೇಷನ್ ಥಿಯೇಟರಿನ ಬೀರು ತೆಗೆದು, ತಾವು ಸೇರುವುದಕ್ಕೂ ಹಿಂದಿನ ಒಂದು ದಪ್ಪ ಪುಸ್ತಕ ಹೊರತೆಗೆದರು.

ಮಧ್ಯಾಹ್ನ ಎಲ್ಲರನ್ನೂ ಡಾಕ್ಟರರ ಕೋಣೆಗೆ ಕರೆಸಿ ಆ ಗಂಟನ್ನು ಮೇಜಿನ ಮೇಲಿಟ್ಟರು.

"ಒಂದರ ಮೇಲೊಂದು ಮೂರು ಸುತ್ತು, ಚಪ್ಪಟೆ, ಬಿಗಿ. ಗುಮಾಸ್ತ ದಿನಾ ಬಿಚ್ಚಬೇಕಾದ ಗಂಟು ಹಾಕೋನು. ಚಿಕ್ಕ ಡಾಕ್ಟರದು ತಂತಿ ಕೆಲಸ, ಹೊಲಿಗೆ ಅಲ್ಲ. ದಾರ ಸಿಕ್ಕಿದ ತಕ್ಷಣ ಬೆರಳು ತಾನಾಗೇ ಹೀಗೆ ಬಿಗಿಯೋದು ನಲವತ್ತು ವರ್ಷ ಎದೆ ಹೊಲಿದವರದ್ದು."

ದೊಡ್ಡ ಡಾಕ್ಟರು ನಕ್ಕರು. "ಗಂಟು ನೋಡಿ ಕಳ್ಳನ್ನ ಹಿಡೀತೀರಾ ಸಿಸ್ಟರ್?"

"ಬಾಯಿ ಮುಚ್ಚಿ ಸಿಸ್ಟರ್!" ನಾನೇ ಕೂಗಿದೆ. ಒಂಬತ್ತು ವರ್ಷದ ಹಿಂದೆ ನನ್ನ ಎದೆಗೂ ವಾಲ್ವ್ ಹಾಕಿ ಬದುಕಿಸಿದವರು ದೊಡ್ಡ ಡಾಕ್ಟರು. ನನಗೆ ದೇವರೇ.

ಸಿಸ್ಟರ್ ಪುಸ್ತಕ ತೆರೆದರು. "ವಾಲ್ವ್ ಡಬ್ಬಿಯ ಚೀಟಿನ ಈ ಪುಸ್ತಕಕ್ಕೆ ಅಂಟಿಸೋದು ಸಿಸ್ಟರ್‌ಗಳ ಕೆಲಸ. ನೀವು ಯಾವತ್ತೂ ಇದರ ಕಡೆ ತಿರುಗಿ ನೋಡಿದವರಲ್ಲ, ಹಾಗಾಗಿ ಕದಿಯೋದನ್ನೂ ಮರೆತ್ರಿ. ಟೈಲರಮ್ಮನ ಚೀಟೀಲಿರೋ ಅಳತೆ ಹತ್ತೊಂಬತ್ತು ಮಿಲಿಮೀಟರ್. ಟೈಲರಮ್ಮಂಗೆ ಕಾರ್ಡ್ ಬಾಯಿಪಾಠ, ಅದರಲ್ಲಿ ನಿಮ್ಮ ಕೈಬರಹದಲ್ಲಿ ಇಪ್ಪತ್ಮೂರು. ಕಾಗದ ಸ್ಕ್ಯಾನಿಗೆ ತಾಳೆ ಆಗಲ್ಲ ಅಂತ ನಿಮಗೆ ಗೊತ್ತಿತ್ತು. ಎದೆ ತೆಗೆದು ಕಿತ್ತುಹಾಕಿದ್ರೆ ಗುರುತೇ ಇರಲ್ಲ."

ದೊಡ್ಡ ಡಾಕ್ಟರರ ನಗು ಆರಿತು. "ದೊಡ್ಡದು ಕೂರಲಿಲ್ಲ," ಎಂದರು. "ಚಿಕ್ಕದು ಹಾಕಿದೆ. ಸೋತೆ ಅಂತ ಬರೆಯೋಕೆ ಕೈ ಬರಲಿಲ್ಲ."

"ಅದಕ್ಕೆ ಆಯಮ್ಮನ್ನ ಸಾಯಿಸೋಕೆ ಹೊರಟ್ರಾ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಗಾಯದ ಗೆರೆ ತೋರಿಸಿದೆ. "ನನ್ನೊಳಗೆ ಹಾಕಿರೋದೇನು ಸಾರ್?"

"ನಿನ್ನದು ಸರಿಯಾಗಿದೆ," ಎಂದರು ಅವರು.

ಎರಡು ದಿನದ ಮೇಲೆ ಚಿಕ್ಕ ಡಾಕ್ಟರು ಪುಸ್ತಕದ ಅಳತೆಯನ್ನು ಸ್ಕ್ಯಾನಿಗೆ ಹೋಲಿಸಿ, ತೊಡೆಸಂದಿಯಿಂದಲೇ ಕೆಲಸ ಮುಗಿಸಿದರು. ವಾರ ತುಂಬುವ ಮೊದಲೇ ಟೈಲರಮ್ಮ ಎದ್ದು ಕೂತು ಮೊಮ್ಮಗಳಿಗೆ ಟೊಪ್ಪಿ ಹೊಲಿಯುತ್ತಿದ್ದರು.

ನಾನು ಮಾತ್ರ ಗಂಟಿನ ಗುಟ್ಟು ಬಯಲಾದ ಆ ಮಧ್ಯಾಹ್ನವೇ ನನ್ನ ವಾಲ್ವಿನ ಕಾರ್ಡ್ ತಂದು ಸಿಸ್ಟರ್ ಮುಂದೆ ನಿಂತಿದ್ದೆ. ಅವರು ಪುಟ ಹುಡುಕಿ ಬೆರಳಿಟ್ಟರು. ಎರಡು ಕಡೆಯೂ ಒಂದೇ ಅಂಕಿ.

"ನೋಡು, ನಿನಗೆ ಅವರು ನಿಜಾನೇ ಹೇಳಿದ್ದು," ಎಂದರು.

ನಾನು ಆ ಅಂಕಿಯನ್ನು ಇನ್ನೊಂದು ಸಲ ಓದಿದೆ. ಆಮೇಲೆ ಮತ್ತೊಂದು ಸಲ.