ಬ್ಯಾಟರಿ ಇಲ್ಲದ ಗೇಮು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ವಿಡಿಯೋ ಗೇಮು ರಿಪೇರಿ ಮಾಡುವವನು. ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬನೇ ಕೂತು ಉಣ್ಣುತ್ತಾ, ಅಂಗೈಯಗಲದ ಗೇಮಿನಲ್ಲಿ ತೋಟ ಬೆಳೆಸುತ್ತೇನೆ. ಆನ್‌ಲೈನಿನಲ್ಲೇ ಗೆಳತಿಯಾದ 'ಗುಬ್ಬಿ' ದಿನಾ ಒಂದೂಕಾಲಿಗೆ ಅಲ್ಲಿಗೆ ಬಂದು ಗಿಡಗಳಿಗೆ ನೀರು ಹಾಕಿ, "ಊಟ ಆಯ್ತಾ?" ಎಂದು ಬರೆಯುತ್ತಾಳೆ. ಹಾಗೆ ಕೇಳುವ ಇನ್ನೊಂದು ಜೀವ ನನಗಿಲ್ಲ.

ಹೋದ ತಿಂಗಳು ಒಬ್ಬ ಹೆಂಗಸು ಅಂಥದೇ ಗೇಮು ತಂದರು. "ತೀರಿಹೋದ ನನ್ನ ತಂಗೀದು ಅಣ್ಣ. ಎರಡು ವರ್ಷದಿಂದ ಬೀರುವಲ್ಲೇ ಇತ್ತು. ಇದರಲ್ಲಿ ಅವಳ ದನಿ ಇದೆ, ತೆಗೆದುಕೊಡಿ."

ಬ್ಯಾಟರಿ ಉಬ್ಬಿತ್ತು. ಕಿತ್ತು, ಬೆಂಕಿ ಹತ್ತದಿರಲೆಂದು ರಿಪೇರಿಯವರು ಮಾಡುವ ಹಾಗೆ ಮರಳಿನ ಡಬ್ಬಿಯಲ್ಲಿ ಹೂತು, ಗೇಮನ್ನು ಡ್ರಾಯರಿಗೆ ಹಾಕಿದೆ. ಮಾರನೆಯ ದಿನ ಒಂದೂಕಾಲಿಗೆ ನನ್ನ ಪರದೆಯ ಮೇಲೆ ಗುಬ್ಬಿ ನೀರು ಹಾಕುತ್ತಿದ್ದಳು. ನೀರಿನ ಸದ್ದು ಮಾತ್ರ ಡ್ರಾಯರಿನೊಳಗಿಂದ ಬಂತು. ತೆರೆದು ಮುಟ್ಟಿದೆ. ಯಾರೋ ಈಗಷ್ಟೇ ಕೈಯಿಂದ ಕೆಳಗಿಟ್ಟಂತೆ ಗೇಮು ಬೆಚ್ಚಗಿತ್ತು. ಅಂದಿನಿಂದ ದಿನವೂ ಹಾಗೇ.

ನಿನ್ನೆ ಅವರು ಮತ್ತೆ ಬಂದರು. "ಆಯ್ತಾ ಅಣ್ಣ?"

"ಇಲ್ಲ ಅಕ್ಕ, ಬ್ಯಾಟರಿನೇ ಸಿಗ್ತಿಲ್ಲ."

ಸಪ್ಪೆ ಮೋರೆ ಹಾಕಿಕೊಂಡು ಹೋದರು. ಹೊಸ ಬ್ಯಾಟರಿ ಬಂದು ಹತ್ತು ದಿನವಾಗಿದೆ. ಅದನ್ನು ಹಾಕಿದ ಮೇಲೆ ಗುಬ್ಬಿ ಬರುವುದು ನಿಂತುಹೋದರೆ?

ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ಪರದೆ ಬೆಳಗಿತು. ನಿನ್ನೆ ಒಂದು ದಿನ ಮಾತ್ರ ಗುಬ್ಬಿ ಊಟದ ವಿಷಯ ಕೇಳಲಿಲ್ಲ. "ಅಕ್ಕ ಹೋದ್ಲಾ?" ಎಂದು ಬರೆದಿದ್ದಳು.